ಆ್ಯಂಕರ್ ಮಾರಾಟವಾಯಿತೆಂದು ಬೈಯುವವರಿಗೆ

2024ರ ಮೇ 31ರಂದು ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿ ಮತ್ತೊಮ್ಮೆ ಕೈ ಬದಲಾಯಿತು. ಕೊಂಡವರು ಚೋಬಾನಿ ಮೊಸರಿನ ಕಂಪನಿ ಕಟ್ಟಿದ ಹಮ್ದಿ ಉಲುಕಾಯಾ. ಅದಕ್ಕೂ ಸುಮಾರು ಹತ್ತೂವರೆ ತಿಂಗಳ ಹಿಂದೆ, 2023ರ ಜುಲೈ 12ರಂದು, ಆಗಿನ ಮಾಲೀಕರಾದ ಜಪಾನಿನ ಸಪ್ಪೊರೊ ಕಂಪನಿ ಬ್ರೂವರಿಯನ್ನು ಮುಚ್ಚುತ್ತೇವೆಂದು ಪ್ರಕಟಿಸಿತ್ತು. ಮುಚ್ಚಿದಾಗ ಬೈದವರೇ ಕೊಂಡಾಗಲೂ ಬೈದರು. ಬೇ ಏರಿಯಾದಲ್ಲಿ ನೆಲೆಸಿದ ನಮ್ಮ ಕನ್ನಡದ ಗೆಳೆಯರ ಬಾಯಲ್ಲೂ ಅದೇ ಮಾತುಗಳು ಓಡಾಡಿದವು. ಆ ಸಿಟ್ಟಿನ ಹಿಂದೆ ನಿಜವಾದ ಪ್ರೀತಿಯಿದೆ ಎಂಬುದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಸಿಟ್ಟು ಹೋಗಿ ಬೀಳುತ್ತಿರುವ ಜಾಗ ತಪ್ಪು. ಅವರ ಒಂದೊಂದು ಮಾತಿಗೂ ಇಲ್ಲಿ ಉತ್ತರ ಕೊಡುತ್ತೇನೆ.

ಎಲ್ಲಕ್ಕಿಂತ ಜೋರಾಗಿ ಕೇಳುವ ಆರೋಪ ಇದು: "ಮಾರಿದ್ದೇ ದ್ರೋಹ. ಮಾರದೆ ಉಳಿಸಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ."

ಹೀಗೆನ್ನುವವರು ಆ್ಯಂಕರ್‌ನ ಚರಿತ್ರೆಯನ್ನು ಒಮ್ಮೆ ತೆರೆದು ನೋಡಬೇಕು. ಮೂಲ ಬ್ರೂವರಿ ಗಾಟ್‌ಲೀಬ್ ಬ್ರೆಕ್ಲೆ ಎಂಬ ಜರ್ಮನ್ ವಲಸಿಗನದು, 1871ರದು. ಅದನ್ನು 1896ರಲ್ಲಿ ಎರ್ನ್ಸ್ಟ್ ಬರೂತ್ ಮತ್ತು ಅವನ ಅಳಿಯ ಒಟ್ಟೊ ಶಿಂಕೆಲ್ ಕೊಂಡುಕೊಂಡರು. ಆ್ಯಂಕರ್ ಎಂಬ ಹೆಸರು ಬಂದದ್ದೇ ಆಗ, ಅಂದರೆ ಒಂದು ಮಾರಾಟದ ಜೊತೆಗೆ. 1906ರ ಫೆಬ್ರವರಿಯಲ್ಲಿ ಬರೂತ್ ತೀರಿಕೊಂಡ. ಏಪ್ರಿಲ್‌ನ ಭೂಕಂಪದ ಬೆನ್ನಿಗೆ ಹೊತ್ತಿದ ಬೆಂಕಿಯಲ್ಲಿ ಬ್ರೂವರಿ ಸುಟ್ಟುಹೋಯಿತು. ಮರುವರ್ಷ ಶಿಂಕೆಲ್ ಟ್ರಾಮಿಗೆ ಸಿಕ್ಕಿ ಸತ್ತ. ಉಳಿದವರು ನಡೆಸಿದರು. 1920ರ ಪಾನನಿಷೇಧ ಬಾಗಿಲು ಹಾಕಿಸಿತು. 1933ರಲ್ಲಿ ನಿಷೇಧ ತೆರವಾದಾಗ ಜೋ ಕ್ರಾಸ್ ಮತ್ತೆ ಶುರುಮಾಡಿದ, ಮರುವರ್ಷವೇ ಇನ್ನೊಂದು ಬೆಂಕಿ. ಕ್ರಾಸ್ ಆಮೇಲೆ ಜೋ ಆಲೆನ್ ಎಂಬವನ ಜೊತೆಗೂಡಿ ಬೇರೆ ಕಡೆ ತೆರೆದ. ಆ ಆಲೆನ್ ಕೂಡ 1959ರಲ್ಲಿ ಸೋತು ಮುಚ್ಚಿದ. 1960ರಲ್ಲಿ ಲಾರೆನ್ಸ್ ಸ್ಟೀಸ್ ಕೊಂಡ. ಅವನಿಂದಲೂ ಆಗಲಿಲ್ಲ. 1965ರಲ್ಲಿ ನಾರ್ತ್ ಬೀಚಿನ ಓಲ್ಡ್ ಸ್ಪಗೆಟಿ ಫ್ಯಾಕ್ಟರಿ ಎಂಬ ಊಟದ ಮನೆಯಲ್ಲಿ ಇದೇ ಬಿಯರ್ ಕುಡಿಯುತ್ತಿದ್ದ 27 ವರ್ಷದ ಫ್ರಿಟ್ಜ್ ಮೇಟ್ಯಾಗ್‌ಗೆ, ಈ ಬ್ರೂವರಿ ಇಷ್ಟರಲ್ಲೇ ಮುಚ್ಚುತ್ತದೆ, ಹೋಗಿ ನೋಡು ಎಂದು ಆ ಊಟದ ಮನೆಯ ಮಾಲೀಕ ಹೇಳಿದ. ಮೇಟ್ಯಾಗ್ ಹೋದ, ನೋಡಿದ, ಕೆಲವು ಸಾವಿರ ಡಾಲರಿಗೆ ಶೇಕಡಾ 51ರಷ್ಟು ಪಾಲು ಕೊಂಡ.

ಇಂದು ಅಮೆರಿಕದ ಕ್ರಾಫ್ಟ್ ಬಿಯರಿನ ತಂದೆ ಎಂದು ಹೊಗಳಿಸಿಕೊಳ್ಳುವ ಮನುಷ್ಯ ಈ ಕಥೆಯೊಳಗೆ ಬಂದದ್ದು ಹೀಗೆ. ಅವನು ಬ್ರೂವರಿಯನ್ನು ಸ್ಥಾಪಿಸಿದವನಲ್ಲ, ಕೊಂಡವನು. ಅದೂ ವಾಷಿಂಗ್ ಮಷೀನ್ ಮನೆತನದ ಹಣವಿದ್ದ, ಬಿಯರ್ ಮಾಡುವುದರ ಗಂಧಗಾಳಿ ಇಲ್ಲದ ಹೊರಗಿನವನು. ಅಂದಿನ ಆ್ಯಂಕರ್ ಬಿಯರ್ ಆಗಾಗ ಹುಳಿಯಾಗುತ್ತಿತ್ತು. ಮೇಟ್ಯಾಗ್ ಸೂಕ್ಷ್ಮದರ್ಶಕ ಇಟ್ಟುಕೊಂಡು ಯೀಸ್ಟ್ ಓದಿದ, ಪಾತ್ರೆಗಳನ್ನು ಬದಲಾಯಿಸಿದ, ಶುಚಿತ್ವಕ್ಕೆ ಜೀವ ತೇದ. 1969ರಲ್ಲಿ ಪೂರ್ತಿ ಮಾಲೀಕನಾದ, 1971ರಲ್ಲಿ ಬಾಟಲಿಗೆ ತುಂಬಿಸತೊಡಗಿದ. ಲಾಭ ಕಾಣಲು ಸುಮಾರು ಹತ್ತು ವರ್ಷ ಬೇಕಾಯಿತು. 1975ರಲ್ಲಿ ಕ್ಯಾಸ್ಕೇಡ್ ಹಾಪ್ಸ್ ಹಾಕಿ ಮಾಡಿದ ಲಿಬರ್ಟಿ ಏಲ್ ಬಂತು. ಇಂದಿನ ಅಮೆರಿಕನ್ ಐಪಿಎ ಬಿಯರುಗಳ ಪೂರ್ವಜನೆಂದು ಅದನ್ನು ಗುರುತಿಸುತ್ತಾರೆ. ಅದೇ ವರ್ಷ ಮೊದಲ ಕ್ರಿಸ್‌ಮಸ್ ಏಲ್, ಜೊತೆಗೆ ಓಲ್ಡ್ ಫಾಗ್‌ಹಾರ್ನ್ ಎಂಬ ಇನ್ನೊಂದು ಬಿಯರ್. ಸೊನೋಮಾದಲ್ಲಿ 1976ರಲ್ಲಿ ನ್ಯೂ ಆಲ್ಬಿಯನ್ ತೆರೆದ ಜ್ಯಾಕ್ ಮೆಕಾಲಿಫ್, ಚಿಕೊದಲ್ಲಿ 1980ರಲ್ಲಿ ಸಿಯೆರಾ ನೆವಾಡಾ ಶುರುಮಾಡಿದ ಕೆನ್ ಗ್ರಾಸ್‌ಮನ್ ಇಬ್ಬರೂ ಆ್ಯಂಕರ್‌ಗೆ ಹೋಗಿ ನೋಡಿ ಕಲಿತವರೇ.

ಮಾರಾಟವೇ ದ್ರೋಹವಾಗಿದ್ದರೆ 1965ರ ಮಾರಾಟವೂ ದ್ರೋಹವಾಗಬೇಕಿತ್ತು. ಅದು ಪುನರ್ಜನ್ಮವಾಯಿತು. ಆದ್ದರಿಂದ ಮಾರಿದರೋ ಇಲ್ಲವೋ ಎಂದು ಕೇಳುವುದರಿಂದ ಏನೂ ಹುಟ್ಟುವುದಿಲ್ಲ. ಕೊಂಡವನು ಯಾತಕ್ಕಾಗಿ ಕೊಂಡ ಎಂದು ಕೇಳಬೇಕು. ನನ್ನ ವಾದವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ.

2010ರಲ್ಲಿ ಮೇಟ್ಯಾಗ್ ಗ್ರಿಫಿನ್ ಗ್ರೂಪ್‌ಗೆ ಮಾರಿದ್ದನ್ನೂ ಇಂದಿಗೂ ಆಡಿಕೊಳ್ಳುವವರಿದ್ದಾರೆ. ಆತನಿಗೆ ಆಗ 72 ವರ್ಷ. 45 ವರ್ಷ ಒಂದೇ ಬ್ರೂವರಿಗೆ ದುಡಿದಿದ್ದ ಮನುಷ್ಯ ವಿಶ್ರಾಂತಿ ಬಯಸಿದರೆ ಅದನ್ನು ಪ್ರಶ್ನಿಸುವ ಹಕ್ಕು ಬಾರಿನ ಸ್ಟೂಲಿನ ಮೇಲೆ ಕೂತ ನಮಗ್ಯಾರಿಗೂ ಇಲ್ಲ.

ಇನ್ನು ಮುಂದಿನ ಮಾತು: "ಜಪಾನಿನವರು ಕೊಂಡರು, ಹಾಳುಮಾಡಿದರು. ಪರದೇಶದವರಿಗೆ ನಮ್ಮ ಊರಿನ ಬಿಯರ್ ಏನು ಗೊತ್ತು?"

ಈ ವಾದದ ಎರಡು ತುಂಡುಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಒಂದು ಸುಳ್ಳು, ಇನ್ನೊಂದು ಅರ್ಧ ನಿಜ. ಪರದೇಶದವರು ಎಂಬುದಂತೂ ಮಾತೇ ಅಲ್ಲ. ಸಪ್ಪೊರೊ ಹುಟ್ಟಿದ್ದು 1876ರಲ್ಲಿ. ಆ್ಯಂಕರ್‌ಗೆ ಆ ಹೆಸರು ಬರುವುದಕ್ಕೂ 20 ವರ್ಷ ಮುಂಚೆ. ಅದರ ಮೊದಲ ಬ್ರೂವರ್ ಸೇಬೆ ನಕಾಗಾವಾ ಬಿಯರ್ ವಿದ್ಯೆ ಕಲಿತದ್ದು ಜರ್ಮನಿಯಲ್ಲಿ. ಆ್ಯಂಕರ್‌ಗೆ ಬುನಾದಿ ಹಾಕಿದ ಬ್ರೆಕ್ಲೆಯೂ ಜರ್ಮನಿಯಿಂದ ಬಂದವನೇ. ಒಂದೇ ಗುರುಮನೆಯ ಎರಡು ಶಾಖೆಗಳಲ್ಲಿ ಒಂದಕ್ಕೆ ಪರಕೀಯ ಎಂಬ ಪಟ್ಟಿ ಹಚ್ಚುವುದು ನ್ಯಾಯವಲ್ಲ. 2021ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಹಿಡಿತ ಪರದೇಶದ ಹೈನಕೆನ್ ಕಂಪನಿಯ ಕೈಗೆ ಹೋದಾಗಲೂ ನಮ್ಮ ಊರಲ್ಲಿ ಇದೇ ಧಾಟಿಯ ಮಾತು ಕೇಳಿಬಂತು. ಆ ಕಂಪನಿಯನ್ನು 1915ರಲ್ಲಿ ಕಟ್ಟಿದವನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಎಂಬುದು ಯಾರಿಗೂ ನೆನಪಾಗಲಿಲ್ಲ.

ಹಾಳುಮಾಡಿದರು ಎಂಬುದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಸಪ್ಪೊರೊ ಆ್ಯಂಕರನ್ನು ಕೊಂಡದ್ದು 2017ರಲ್ಲಿ. ಬೆಲೆ 8.5 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಆ ಕಾಲವನ್ನು ನೆನಪಿಸಿಕೊಳ್ಳಿ. 2011ರಲ್ಲಿ ಷಿಕಾಗೋದ ಗೂಸ್ ಐಲೆಂಡನ್ನು ಬಡ್‌ವೈಸರ್‌ನ ಮಾಲೀಕರು 3.88 ಕೋಟಿ ಡಾಲರಿಗೆ ಕೊಂಡಿದ್ದರು. 2015ರಲ್ಲಿ ಲಗುನಿಟಾಸ್‌ನ ಅರ್ಧ ಪಾಲು ಹೈನಕೆನ್‌ಗೆ ಹೋಯಿತು. ಅದೇ ವರ್ಷ ಸ್ಯಾನ್ ಡಿಯಾಗೋದ ಬ್ಯಾಲಸ್ಟ್ ಪಾಯಿಂಟ್‌ಗೆ ಕಾನ್‌ಸ್ಟಲೇಶನ್ ಕಂಪನಿ ಕೊಟ್ಟದ್ದು ಬರೋಬ್ಬರಿ 100 ಕೋಟಿ ಡಾಲರ್. ನಾಲ್ಕೇ ವರ್ಷದಲ್ಲಿ, 2019ರ ಡಿಸೆಂಬರಿನಲ್ಲಿ, ಅದನ್ನೇ ಕಿಂಗ್ಸ್ ಆ್ಯಂಡ್ ಕನ್ವಿಕ್ಟ್ಸ್ ಎಂಬ ಪುಟ್ಟ ಬ್ರೂವರಿಗೆ ಮಾರಿ ಕೈತೊಳೆದುಕೊಂಡರು. ಕ್ರಾಫ್ಟ್ ಬಿಯರ್ ಬೆಳೆಯುತ್ತಲೇ ಹೋಗುತ್ತದೆಂದು ಎಲ್ಲರೂ ನಂಬಿದ್ದ ಹೊತ್ತು ಅದು. ಆ್ಯಂಕರ್‌ನ ಮಾರಾಟ 2016ರಿಂದಲೇ ಇಳಿಯತೊಡಗಿತ್ತು ಎಂದು ಮುಚ್ಚುವಾಗ ಕಂಪನಿಯೇ ಹೇಳಿತು. ಅಂದರೆ ಸಪ್ಪೊರೊ ಕೊಳ್ಳುವ ಮೊದಲೇ ಇಳಿಜಾರು ಶುರುವಾಗಿತ್ತು. ಮಾಲೀಕರ ದೇಶ ಯಾವುದೆಂದು ಆ ಇಳಿಜಾರಿಗೆ ಗೊತ್ತಿರಲಿಲ್ಲ.

ಹಾಗಾದರೆ ಸಪ್ಪೊರೊ ನಿರ್ದೋಷಿಯೇ? ಖಂಡಿತ ಅಲ್ಲ. ಅದರ ತಪ್ಪು 2022ರಲ್ಲಿ ಕಣ್ಣಿಗೆ ಕಂಡಿತು. ಆ ವರ್ಷ ಅದು ಸ್ಟೋನ್ ಬ್ರೂವರಿಯನ್ನು 16.5 ಕೋಟಿ ಡಾಲರಿಗೆ ಕೊಂಡಿತು. ಸ್ಟೋನ್‌ಗೆ ಕ್ಯಾಲಿಫೋರ್ನಿಯಾದ ಎಸ್ಕೊಂಡಿಡೊದಲ್ಲೊಂದು, ವರ್ಜೀನಿಯಾದ ರಿಚ್‌ಮಂಡ್‌ನಲ್ಲೊಂದು ದೊಡ್ಡ ಕಾರ್ಖಾನೆ. ಸಪ್ಪೊರೊ ಬಿಯರನ್ನು ಅಮೆರಿಕದಲ್ಲೇ ತಯಾರಿಸಲು ಆ ಎರಡು ಕಾರ್ಖಾನೆಗಳು ಬೇಕೆಂದು ಕಂಪನಿ ಮುಚ್ಚುಮರೆಯಿಲ್ಲದೆ ಹೇಳಿತು. ಆ ಲೆಕ್ಕಾಚಾರದಲ್ಲಿ ದುಬಾರಿ ಊರಿನ ಗುಡ್ಡದ ಮೇಲಿನ ಹಳೆಯ, ಚಿಕ್ಕ, ತಾಮ್ರದ ಹಂಡೆಗಳ ಬ್ರೂವರಿಗೆ ಜಾಗವಿರಲಿಲ್ಲ. ಒಂದೇ ವರ್ಷದಲ್ಲಿ, 2023ರ ಜೂನಿನಲ್ಲಿ, ಆ್ಯಂಕರ್ ಬಿಯರ್ ಇನ್ನು ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಸಿಗುತ್ತದೆ, ಕ್ರಿಸ್‌ಮಸ್ ಏಲ್ ಇರುವುದಿಲ್ಲ ಎಂದು ತಿಳಿಸಿದರು. ಮರುತಿಂಗಳೇ ಮುಚ್ಚಿದರು. 1975ರಿಂದ ಪ್ರತಿ ವರ್ಷ ಹೊಸ ಪಾಕ, ಹೊಸ ಮರದ ಚಿತ್ರದೊಂದಿಗೆ ಬರುತ್ತಿದ್ದ ಬಿಯರನ್ನು ನಿಲ್ಲಿಸಿದಾಗಲೇ ಅವರ ಮನಸ್ಸು ಅಲ್ಲಿಲ್ಲವೆಂದು ನಮಗೆ ಅರ್ಥವಾಗಬೇಕಿತ್ತು. ಅವರ ಮೇಲೆ ಹೊರಿಸಬೇಕಾದ ಆರೋಪ ಇದು: ಒಂದು ಕಸುಬನ್ನು ಕೊಂಡು ಅದನ್ನು ಬರೀ ಉತ್ಪಾದನಾ ಸಾಮರ್ಥ್ಯವೆಂದು ಎಣಿಸಿದರು. ಜಪಾನಿನವರೆಂದು ಬೈದರೆ ಈ ನಿಜವಾದ ತಪ್ಪು ತಪ್ಪಿಸಿಕೊಳ್ಳುತ್ತದೆ, ನಾಳೆ ಅಮೆರಿಕದ್ದೇ ಕಂಪನಿ ಇದನ್ನೇ ಮಾಡಿದಾಗ ಬೈಯಲು ನಮ್ಮ ಹತ್ತಿರ ಮಾತಿರುವುದಿಲ್ಲ.

"ಯೂನಿಯನ್ ಕಟ್ಟಿಕೊಂಡರು, ಅದಕ್ಕೇ ಮುಳುಗಿತು" ಎನ್ನುವವರಿಗೆ ಹೇಳಬೇಕಾದದ್ದು ಸ್ವಲ್ಪ ಖಾರವಾಗಿಯೇ ಇದೆ. 2019ರ ಮಾರ್ಚಿನಲ್ಲಿ ಆ್ಯಂಕರ್‌ನ ಕೆಲಸಗಾರರು ಮತ ಹಾಕಿ, ಬಂದರು ಮತ್ತು ಗೋದಾಮು ಕಾರ್ಮಿಕರ ಹಳೆಯ ಸಂಘಟನೆಯಾದ ಐಎಲ್‌ಡಬ್ಲ್ಯುಯು ಸೇರಿದರು. ಒಪ್ಪಂದವಾದದ್ದು ಅದೇ ವರ್ಷದ ಕೊನೆಗೆ. ಮೂರು ತಿಂಗಳೊಳಗೆ ಕೋವಿಡ್ ಬಂತು. ಆ್ಯಂಕರ್‌ನ ಬಹುಪಾಲು ಬಿಯರ್ ಖರ್ಚಾಗುತ್ತಿದ್ದದ್ದು ಬಾರು, ಹೋಟೆಲುಗಳಲ್ಲಿ. ಅವೆಲ್ಲ ಒಂದೇ ವಾರದಲ್ಲಿ ಮುಚ್ಚಿದವು. ಕಂಪನಿ ತನ್ನ ಪ್ರಕಟಣೆಯಲ್ಲಿ ಕೊಟ್ಟ ಕಾರಣಗಳೇ ಸಾಂಕ್ರಾಮಿಕ, ಸ್ಯಾನ್ ಫ್ರಾನ್ಸಿಸ್ಕೋದ ಬೆಲೆಯೇರಿಕೆ, ಮಾರುಕಟ್ಟೆಯ ಪೈಪೋಟಿ. ಮಾಲೀಕರೇ ಹೊರಿಸದ ತಪ್ಪನ್ನು ಗಿರಾಕಿಗಳು ಕೆಲಸಗಾರರ ತಲೆಗೆ ಕಟ್ಟುವುದು ಅನ್ಯಾಯ. ಆ ಜನ ಕೇಳಿದ್ದು ತಾವು ಬಿಯರ್ ಮಾಡುವ ಊರಿನಲ್ಲೇ ಬಾಡಿಗೆ ಕಟ್ಟಿ ಬದುಕುವಷ್ಟು ಸಂಬಳ. ಒಂದು ಪಿಂಟ್‌ಗೆ ಎಂಟು ಡಾಲರ್ ಕೊಟ್ಟು ಕ್ರಾಫ್ಟ್ ಎಂದು ಹೆಮ್ಮೆಪಡುವವರು, ಆ ಕೈಗಳಿಗೆ ಸಿಗುವ ಕೂಲಿಯನ್ನು ದುಂದು ಎಂದು ಕರೆಯಬಾರದು. 61 ಜನ ಅಲ್ಲಿ ಕೆಲಸ ಕಳೆದುಕೊಂಡರು. ಕೊನೆಯ ವಾರಗಳಲ್ಲಿ ಟ್ಯಾಪ್‌ರೂಮಿನಲ್ಲಿ ನಿಂತು ನಮಗೆ ಬಿಯರ್ ಸುರಿದುಕೊಟ್ಟವರೂ ಅವರೇ.

ಹೊಸ ಲೇಬಲ್ಲೇ ವ್ಯಾಪಾರ ಕೆಡಿಸಿತು ಎಂಬ ಜಗಳವನ್ನು ಬೇಗ ಮುಗಿಸುತ್ತೇನೆ. ಕಲಾವಿದ ಜಿಮ್ ಸ್ಟಿಟ್ ದಶಕಗಳ ಕಾಲ ಕೈಯಲ್ಲಿ ಬಿಡಿಸಿದ ಚಿತ್ರಗಳ ಜಾಗಕ್ಕೆ 2021ರಲ್ಲಿ ಢಾಳಾದ ಹಳದಿ, ನೀಲಿ ಬಂತು. ನನಗೂ ಅದು ಕಿಂಚಿತ್ತೂ ಹಿಡಿಸಲಿಲ್ಲ. ಆದರೆ ಐದು ವರ್ಷ ಮೊದಲೇ ಇಳಿಯತೊಡಗಿದ್ದ ವ್ಯಾಪಾರವನ್ನು ಹೊಸ ಲೇಬಲ್ ಹೇಗೆ ಕೆಡಿಸಿತೆಂದು ಯಾರಾದರೂ ವಿವರಿಸಬೇಕು.

ಈಗ ಒಂದು ತಣ್ಣನೆಯ ವಾದ. ಬೈಗುಳಗಳಿಗಿಂತ ನನ್ನನ್ನು ಹೆಚ್ಚು ಕೆರಳಿಸುವುದು ಇದೇ: "ಹೋದರೆ ಹೋಗಲಿ. ದೇಶದಲ್ಲಿ ಒಂಬತ್ತು ಸಾವಿರ ಬ್ರೂವರಿಗಳಿವೆ. ಹಳೆಯದು ಸಾಯುತ್ತದೆ, ಹೊಸದು ಹುಟ್ಟುತ್ತದೆ."

ಸಂಖ್ಯೆ ಸರಿ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ನೂರು ಬ್ರೂವರಿಗಳೂ ಇರಲಿಲ್ಲ, ಇಂದು 9,000ಕ್ಕೂ ಹೆಚ್ಚಿವೆ. ಆದರೆ ಆ ಒಂಬತ್ತು ಸಾವಿರದಲ್ಲಿ ಆ್ಯಂಕರ್ ಮಾಡುತ್ತಿದ್ದುದನ್ನು ಆ್ಯಂಕರ್‌ನಂತೆ ಮಾಡುತ್ತಿದ್ದವರು ಎಷ್ಟು ಮಂದಿ? ಆ್ಯಂಕರ್ ಮಾಡುತ್ತಿದ್ದ ಸ್ಟೀಮ್ ಬಿಯರ್ ಎಂಬುದು ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯಾದ ಕೊರತೆಯಿಂದ ಹುಟ್ಟಿದ ಬಿಯರ್. ಚಿನ್ನ ಹುಡುಕಲು ಬಂದವರ ಜೊತೆ ಜರ್ಮನ್ ಬ್ರೂವರುಗಳೂ ಬಂದರು. ಅವರ ಬಳಿ ಲಾಗರ್ ಯೀಸ್ಟ್ ಇತ್ತು, ಅದಕ್ಕೆ ಬೇಕಾದ ಮಂಜುಗಡ್ಡೆ ಇರಲಿಲ್ಲ. ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡಬೇಕಾದ ಯೀಸ್ಟನ್ನು ಅವರು ಬೆಚ್ಚಗೇ ಹುದುಗಲು ಬಿಟ್ಟರು. ಅಗಲವಾದ, ಆಳವಿಲ್ಲದ, ತೆರೆದ ತೊಟ್ಟಿಗಳಲ್ಲಿ ಸುರಿದು ಕಾವು ತಾನೇ ಇಳಿಯುವಂತೆ ಮಾಡಿದರು. ಲಾಗರಿನ ತಿಳಿಯಾದ ಮೈ, ಏಲ್‌ನ ಹಣ್ಣಿನ ವಾಸನೆ ಎರಡೂ ಅದಕ್ಕೆ ಬಂದದ್ದು ಹೀಗೆ. ಒಂದು ಕಾಲಕ್ಕೆ ಹಲವರು ಮಾಡುತ್ತಿದ್ದ ಆ ಬಿಯರನ್ನು ಪಾನನಿಷೇಧದ ನಂತರ ಹಿಡಿದುಕೊಂಡು ಬಂದದ್ದು ಆ್ಯಂಕರ್ ಒಂದೇ. 1979ರಲ್ಲಿ ಪೊಟ್ರೆರೊ ಹಿಲ್‌ನ ಮರಿಪೋಸಾ ರಸ್ತೆಯ ಹಳೇ ಕಾಫಿ ಹುರಿಯುವ ಕಟ್ಟಡಕ್ಕೆ ಸ್ಥಳಾಂತರವಾದಾಗಲೂ ಆ ತೆರೆದ ತೊಟ್ಟಿಗಳನ್ನು ಬಿಡಲಿಲ್ಲ. ಸೋಸಿದ ಗಾಳಿಯ ಕೋಣೆಯಲ್ಲಿ ಅವನ್ನು ಇಟ್ಟರು. ನಾರ್ದರ್ನ್ ಬ್ರೂವರ್ ಎಂಬ ಹಾಪ್ಸ್ ಹಾಕಿದರು. ಹುದುಗುತ್ತಿರುವ ಎಳೆಯ ಬಿಯರನ್ನು ಬೆರೆಸಿ ಸಹಜವಾಗಿಯೇ ನೊರೆ ಬರಿಸಿದರು, ಹೊರಗಿನ ಅನಿಲ ತುಂಬಲಿಲ್ಲ. ಈ ಪಾಕ ಕಾಗದದ ಮೇಲೆ ಯಾರಿಗಾದರೂ ಸಿಗುತ್ತದೆ. ಆ ತೊಟ್ಟಿಗಳ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಮೂಗು, ನಾಲಿಗೆ, ಕಣ್ಣಿನಿಂದ ಕಲಿತ ವಿದ್ಯೆ ಕಾಗದದ ಮೇಲೆ ಇರುವುದಿಲ್ಲ. ಹಾಗಾಗಿ ಒಂದು ಹೋದರೆ ಒಂಬತ್ತು ಸಾವಿರ ಇವೆ ಎನ್ನುವುದು ಲೆಕ್ಕ ಬಲ್ಲವರ ಮಾತಾದೀತು, ಬಿಯರ್ ಬಲ್ಲವರ ಮಾತಾಗಲಾರದು. 2024ರಲ್ಲಂತೂ ಅಮೆರಿಕದಲ್ಲಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವೇ ಹೆಚ್ಚು. ಹೊಸದು ಹುಟ್ಟುತ್ತಲೇ ಇರುತ್ತದೆ ಎಂಬ ಭರವಸೆಗೂ ಈಗ ಆಧಾರ ಇಲ್ಲ.

ಈ ವಾದದ ಪಕ್ಕದಲ್ಲೇ ಕೂತಿರುವ ಇನ್ನೊಂದು ಮಾತು: "ನಮ್ಮಿಂದೇನು ಮಾಡಲಾಗುತ್ತಿತ್ತು? ಅದು ಕಂಪನಿಗಳ ವ್ಯವಹಾರ."

ಮುಚ್ಚುವ ಸುದ್ದಿ ಬಂದ ಮೇಲೆ ಮರಿಪೋಸಾ ರಸ್ತೆಯಲ್ಲಿ ಜನ ಸಾಲುಗಟ್ಟಿದರು. ಬಾಟಲಿ, ಗ್ಲಾಸು, ಅಂಗಿ, ಟೋಪಿ ಸಿಕ್ಕಿದ್ದೆಲ್ಲ ಕೊಂಡರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಆ ಸಾಲಿನಲ್ಲಿ ಕಣ್ಣೀರು ಹಾಕಿದವರನ್ನು ನಾನು ಗೌರವಿಸುತ್ತೇನೆ. ಆದರೆ 2016ರಿಂದ 2023ರವರೆಗೆ ವ್ಯಾಪಾರ ಕುಸಿಯುತ್ತಿದ್ದಾಗ ಅದೇ ಜನ ಬಾರಿನಲ್ಲಿ ಏನು ಕೇಳುತ್ತಿದ್ದರು? ವಾರವಾರ ಬರುವ ಹೊಸ ಮಬ್ಬು ಐಪಿಎ, ಹಣ್ಣಿನ ಹುಳಿ ಬಿಯರು, ಹಾರ್ಡ್ ಸೆಲ್ಟ್ಜರ್. ಹೊಸದರ ರುಚಿ ನೋಡುವುದು ತಪ್ಪಲ್ಲ. ತಾನು ಕುಡಿಯುವುದನ್ನು ಬಿಟ್ಟ ಬಿಯರ್ ತನಗಾಗಿ ಎಂದೆಂದಿಗೂ ಅಲ್ಲಿರಬೇಕು, ಅದರ ನಷ್ಟವನ್ನು ಬೇರೆ ಯಾರೋ ತುಂಬುತ್ತಿರಬೇಕು ಎಂಬ ನಿರೀಕ್ಷೆ ತಪ್ಪು. ಬ್ರೂವರಿಯ ಬಾಳು ಒಬ್ಬೊಬ್ಬ ಗಿರಾಕಿಯ ಮುಂದಿನ ಗ್ಲಾಸಿನಲ್ಲಿದೆ. ಅಲ್ಲಿ ನಮಗೆ ಖಂಡಿತ ಮಾತಿತ್ತು. ನಾವು ಆಡಲಿಲ್ಲ.

"ಕೆಲಸಗಾರರ ಕೈಗೇ ಕೊಡಬಹುದಿತ್ತಲ್ಲ?" ಎಂದು ಕೇಳುವವರ ಜೊತೆ ನನಗೆ ಜಗಳವಿಲ್ಲ. ಮುಚ್ಚುವ ಸುದ್ದಿಯ ಬೆನ್ನಿಗೇ ಕೆಲಸಗಾರರು ಒಟ್ಟಾಗಿ, ಸಹಕಾರಿ ಪದ್ಧತಿಯಲ್ಲಿ ನಡೆಸುತ್ತೇವೆ, ನಮಗೂ ಕೊಳ್ಳುವ ಅವಕಾಶ ಕೊಡಿ ಎಂದು ಕೇಳಿದ್ದರು, ಹಣ ಕೂಡಿಸಲು ಹೊರಟಿದ್ದರು. ಅದು ನೆರವೇರಬೇಕಿತ್ತು ಎಂದೇ ನನ್ನ ಅನಿಸಿಕೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಷ್ಟು ದೊಡ್ಡ ಕಟ್ಟಡ, ಯಂತ್ರ, ಹೆಸರು ಎಲ್ಲವನ್ನೂ ಕೊಳ್ಳುವ ಹಣ ಅಂಗಿ, ಟೋಪಿಯ ಮಾರಾಟದಿಂದ ಹುಟ್ಟುವುದಿಲ್ಲ. ಬ್ರೂವರಿಯನ್ನು ತುಂಡು ತುಂಡಾಗಿ, ಹಂಡೆ ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ, ಜಾಗ ಬಿಲ್ಡರಿಗೆ ಎಂದು ಹರಿದು ಹಂಚುವ ಅಪಾಯ ಆ ತಿಂಗಳುಗಳಲ್ಲಿ ನಿಜವಾಗಿಯೂ ಇತ್ತು. ಹೆಸರು, ಪಾಕ, ಯಂತ್ರ, ಕಟ್ಟಡ ಎಲ್ಲವೂ ಒಂದೇ ಕೈಗೆ ಸೇರಿದ್ದು ಆ ಅಪಾಯಕ್ಕಿಂತ ಎಷ್ಟೋ ಮೇಲು.

ಕೊನೆಯದಾಗಿ, "ಮೊಸರಿನ ಶ್ರೀಮಂತನಿಗೆ ಬಿಯರ್ ಒಂದು ಶೋಕಿ" ಎಂಬ ಮಾತು. ವಾಷಿಂಗ್ ಮಷೀನಿನ ಶ್ರೀಮಂತನ ಬಗ್ಗೆಯೂ 1965ರಲ್ಲಿ ಇದನ್ನೇ ಹೇಳಬಹುದಿತ್ತು ಎಂಬುದು ಅದಕ್ಕೆ ಅರ್ಧ ಉತ್ತರ. ಉಳಿದರ್ಧ ಉಲುಕಾಯಾ ಹಿಂದೆ ಮಾಡಿದ ಕೆಲಸದಲ್ಲಿದೆ. ಟರ್ಕಿಯ ಕುರ್ದಿಶ್ ಮನೆತನದಿಂದ 1994ರಲ್ಲಿ ಅಮೆರಿಕಕ್ಕೆ ಬಂದ ಆತ, ಕ್ರಾಫ್ಟ್ ಫುಡ್ಸ್ ಮುಚ್ಚಿದ್ದ ನ್ಯೂಯಾರ್ಕ್ ರಾಜ್ಯದ ಸೌತ್ ಎಡ್ಮೆಸ್ಟನ್‌ನ ಮೊಸರಿನ ಕಾರ್ಖಾನೆಯನ್ನು 2005ರಲ್ಲಿ ಸಾಲ ಮಾಡಿ ಕೊಂಡ. 2007ರಲ್ಲಿ ಚೋಬಾನಿ ಮಾರುಕಟ್ಟೆಗೆ ಬಂತು. 2016ರಲ್ಲಿ ಕಂಪನಿಯ ಶೇಕಡಾ ಹತ್ತರವರೆಗಿನ ಪಾಲನ್ನು ಕೆಲಸಗಾರರಿಗೆ ಕೊಡುವುದಾಗಿ ಪ್ರಕಟಿಸಿದ. ಮುಚ್ಚಿದ ಕಾರ್ಖಾನೆಯನ್ನು ಅದು ಇದ್ದ ಊರಲ್ಲೇ ತೆರೆದ ಮನುಷ್ಯ ಆತ. ಇದರಿಂದ ಆತ ಒಳ್ಳೆಯ ಬಿಯರ್ ಮಾಡಿಸುತ್ತಾನೆಂದು ಸಾಬೀತಾಗುವುದಿಲ್ಲ. ಶುರುಮಾಡುವ ಮುನ್ನವೇ ಶೋಕಿವಾಲ ಎಂದು ತಳ್ಳಿಹಾಕಲು ಆಧಾರವಿಲ್ಲ ಎಂಬುದಂತೂ ಸಾಬೀತಾಗುತ್ತದೆ.

ಕೊಂಡು ಒಂದು ವರ್ಷ ಕಳೆದರೂ ಬಿಯರ್ ಬರಲಿಲ್ಲ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದನ್ನು ನಾನೂ ಎತ್ತುತ್ತೇನೆ. ಈ ಮಾಲೀಕನನ್ನು ಅಳೆಯಬೇಕಾದದ್ದು ಹೀಗೆ: ಮರಿಪೋಸಾ ರಸ್ತೆಯ ಅದೇ ತಾಮ್ರದ ಹಂಡೆಗಳಲ್ಲಿ, ಅದೇ ತೆರೆದ ತೊಟ್ಟಿಗಳಲ್ಲಿ ಸ್ಟೀಮ್ ಬಿಯರ್ ಮಾಡಿಸುತ್ತಾನೆಯೇ ಅಥವಾ ಹೆಸರನ್ನು ಬೇರೆಲ್ಲೋ ತುಂಬಿದ ಬಾಟಲಿಯ ಮೇಲೆ ಅಂಟಿಸುತ್ತಾನೆಯೇ? ಹಳೆಯ ಕೆಲಸಗಾರರನ್ನು ಕರೆಯುತ್ತಾನೆಯೇ, ಅವರ ಯೂನಿಯನ್ನಿನ ಜೊತೆ ಕೂತು ಮಾತಾಡುತ್ತಾನೆಯೇ? ಕ್ರಿಸ್‌ಮಸ್ ಏಲ್ ಮತ್ತೆ ಬರುತ್ತದೆಯೇ? ಇವಕ್ಕೆ ಇಲ್ಲವೆಂದು ಉತ್ತರ ಬಂದರೆ ಬೈಯುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಹೌದೆಂದು ಬಂದರೆ, ಬಿಯರ್ ಪ್ರಿಯರೇ, ಮೊದಲ ತಿಂಗಳ ಸಂಭ್ರಮಕ್ಕೆ ಸಾಲುಗಟ್ಟಿ ಆಮೇಲೆ ಮರೆಯಬೇಡಿ. ಎರಡನೆಯ ವರ್ಷದಲ್ಲೂ, ಐದನೆಯ ವರ್ಷದಲ್ಲೂ ಹೋಗಿ ದುಡ್ಡು ಕೊಟ್ಟು ಕುಡಿಯಿರಿ.